ನಮ್ಮೂರಿನ ರಾತ್ರಿ ನಾಲ್ಕೂವರೆಗೇ ಶುರು

ಮೈಸೂರಿನ ಒಂಟಿಕೊಪ್ಪಲಿನಲ್ಲಿ ನಮ್ಮದೊಂದು ಹಳೇ ಮನೆ. ಮಗಳು ಮದುವೆಯಾಗಿ ಸಿಂಗಪುರಕ್ಕೆ ಹೋದ ಮೇಲೆ ಮಹಡಿಯ ಎರಡು ರೂಮು ಸುಮ್ನೆ ಖಾಲಿ ಬಿದ್ದಿದ್ದವು. ಅವನ್ನೇ ಹೋಮ್‌ಸ್ಟೇ ಮಾಡಿದೆವು. ತಿಂಡಿ ನನ್ನ ಕೆಲಸ, ಲೆಕ್ಕಪತ್ರ ನಮ್ಮ ಮನೆಯವರದು. ಬರುವವರು ಹಗಲು ಏನು ನೋಡಬೇಕು ಅಂತ ಓದಿಕೊಂಡೇ ಬಂದಿರುತ್ತಾರೆ. ಅರಮನೆ, ಮೃಗಾಲಯ, ಬೆಟ್ಟ, ಶ್ರೀರಂಗಪಟ್ಟಣ. ಕಷ್ಟ ಶುರುವಾಗುವುದು ಸಂಜೆ. ಕಾಫಿ ಲೋಟ ಕೆಳಗಿಟ್ಟು ಕೇಳುತ್ತಾರೆ, "ಆಂಟಿ, ಇಲ್ಲಿ ನೈಟ್‌ಲೈಫ್ ಏನಿದೆ?"

ಮೊದಮೊದಲು ಆ ಮಾತು ಕೇಳಿದರೇ ನನಗೆ ಮುಜುಗರ. ನೈಟ್‌ಲೈಫ್ ಅಂದರೆ ಕುಡಿತ, ಕುಣಿತ ಅಂತ ನನ್ನ ತಲೆಯಲ್ಲಿತ್ತು. "ಏನೂ ಇಲ್ಲಪ್ಪ, ಒಂಬತ್ತೂವರೆಗೆ ಊರೇ ಮಲಗಿಬಿಡುತ್ತೆ" ಅಂದುಬಿಡುತ್ತಿದ್ದೆ. ಅವರು ಮಹಡಿ ಹತ್ತಿ, ಸೊಳ್ಳೆ ಹೊಡೆಯುತ್ತಾ, ಮೊಬೈಲ್ ನೋಡುತ್ತಾ ಕೂರುತ್ತಿದ್ದರು. ಇಷ್ಟು ದೂರ ದುಡ್ಡು ಖರ್ಚು ಮಾಡಿಕೊಂಡು ಬಂದವರು ಅಲ್ಲಿ ಹಾಗೆ ಕೂತಿದ್ದು ನೋಡಿ ನನಗೇ ಬೇಜಾರಾಗುತ್ತಿತ್ತು.

ಒಂದು ಶುಕ್ರವಾರ ಧೈರ್ಯ ಮಾಡಿ ಪುಣೆಯ ಗಂಡ ಹೆಂಡತಿಯನ್ನು ನಾನೇ ಕರೆದುಕೊಂಡು ಹೊರಟೆ. ಅರಮನೆ ದೀಪ ತೋರಿಸುತ್ತೇನೆ, ಆಮೇಲೆ ಒಳ್ಳೇ ಕಡೆ ಊಟ ಅಂತ ಜಂಬ ಕೊಚ್ಚಿದ್ದೆ. ಎಂಟೂವರೆಗೆ ಹೋದರೆ ಅರಮನೆ ಕಗ್ಗತ್ತಲು. ಪೂರ್ತಿ ದೀಪ ಹಾಕುವುದು ಭಾನುವಾರ, ಸರ್ಕಾರಿ ರಜೆ, ದಸರಾದ ದಿನಗಳಲ್ಲಿ. ಉಳಿದ ದಿನ ಧ್ವನಿ ಬೆಳಕಿನ ಕಾರ್ಯಕ್ರಮದ ಕೊನೆಗೆ ಒಂದಿಷ್ಟು ಹೊತ್ತು ಉರಿಸಿ ಆರಿಸುತ್ತಾರೆ. ಮೂವತ್ತು ವರ್ಷದಿಂದ ಈ ಊರಲ್ಲೇ ಇದ್ದೇನೆ, ನನಗೇ ನೆನಪಿರಲಿಲ್ಲ! ನಾವು ಊರಿನವರು ಅರಮನೆ ದೀಪ ನೋಡಲು ಹೋಗುವುದು ನೆಂಟರು ಬಂದಾಗ ಮಾತ್ರ ಅಲ್ವಾ. ಅಲ್ಲಿಂದ ಹುಡುಕಿಕೊಂಡು ಹೋದ ಹೋಟೆಲಿನಲ್ಲಿ ಷಟರ್ ಅರ್ಧ ಇಳಿದಿತ್ತು. ಹುಡುಗನೊಬ್ಬ ನೆಲಕ್ಕೆ ನೀರು ಹಾಕುತ್ತಿದ್ದ. "ಊಟ ಖಾಲಿ ಆಯ್ತಮ್ಮಾ" ಅಂದ. ಮನೆಗೆ ಬಂದು ಮಧ್ಯಾಹ್ನದ ಅನ್ನಕ್ಕೆ ನಿಂಬೆಹಣ್ಣು ಹಿಂಡಿ ಚಿತ್ರಾನ್ನ ಮಾಡಿಕೊಟ್ಟೆ. ಪಾಪ, ಚೆನ್ನಾಗಿದೆ ಅಂದರು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ದಾರಿ ಹೊಳೆದಿದ್ದು ಮಗಳ ಮನೆಯಲ್ಲಿ. ಸಿಂಗಪುರಕ್ಕೆ ಹೋಗಿದ್ದಾಗ ಒಂದು ಸಂಜೆ ಅವಳು ನಮ್ಮಿಬ್ಬರನ್ನೂ ಗಾರ್ಡನ್ಸ್ ಬೈ ದ ಬೇಗೆ ಕರೆದುಕೊಂಡು ಹೋದಳು. ಕಬ್ಬಿಣದ ಮರಗಳ ಹಾಗೆ ಕಟ್ಟಿದ್ದಾರಲ್ಲ, ಸೂಪರ್‌ಟ್ರೀ ಅಂತ, ಅವಕ್ಕೆ ರಾತ್ರಿ 7:45ಕ್ಕೆ ಒಂದು ಸಲ, 8:45ಕ್ಕೆ ಇನ್ನೊಂದು ಸಲ ಸಂಗೀತದ ಜೊತೆ ದೀಪ ಕುಣಿಸುತ್ತಾರೆ. ಟಿಕೆಟ್ ಇಲ್ಲ. ಜನ ನೆಲದ ಮೇಲೆ ಮಲಗಿಕೊಂಡು ನೋಡುತ್ತಾರೆ. ಹದಿನೈದು ನಿಮಿಷ, ಮುಗೀತು. ಆಮೇಲೆ ಅಷ್ಟೂ ಜನ ಎದ್ದು ಊಟಕ್ಕೆ ಹೊರಟರು. ನಾವು ಹೋಗಿದ್ದು ಲಾವ್ ಪಾ ಸಾತ್ ಅನ್ನುವ ಕಡೆ. 1894ರಲ್ಲಿ ಎರಕದ ಕಬ್ಬಿಣದಿಂದ ಕಟ್ಟಿದ ಎಂಟು ಮೂಲೆಯ ಮಾರ್ಕೆಟ್ಟು, ಈಗ ಅದರ ತುಂಬ ತಿಂಡಿ ಅಂಗಡಿ. ಸಂಜೆ ಏಳಾದ ಮೇಲೆ ಪಕ್ಕದ ರಸ್ತೆಗೆ ಗಾಡಿ ಬಿಡುವುದಿಲ್ಲ. ರಸ್ತೆ ಮೇಲೇ ಮೇಜು ಹಾಕಿ ಕಡ್ಡಿಗೆ ಚುಚ್ಚಿದ ಮಾಂಸ ಸುಟ್ಟು ಕೊಡುತ್ತಾರೆ, ನೆಂಚಿಕೊಳ್ಳಲು ಕಡಲೆಕಾಯಿ ಗೊಜ್ಜು.

ನಾನು ತಿನ್ನುವುದು ಬಿಟ್ಟು ಗಡಿಯಾರ ನೋಡುತ್ತಿದ್ದೆ. "ಏನಮ್ಮಾ, ಟೈಮ್ ನೋಡ್ತಿದ್ದೀಯ?" ಅಂದಳು ಮಗಳು. ನಾನು ನೋಡುತ್ತಿದ್ದಿದ್ದು ಅವರು ಒಂದಾದ ಮೇಲೆ ಒಂದು ಹೇಗೆ ಜೋಡಿಸಿದ್ದಾರೆ ಅಂತ. ಕತ್ತಲಾಗುವ ಹೊತ್ತಿಗೆ ದೀಪ, ದೀಪ ಮುಗಿದ ಕೂಡಲೇ ಊಟ, ಊಟ ಮುಗಿದ ಹೊತ್ತಿಗೆ ರೈಲು. ಅದೇ ದೀಪ ನಮ್ಮಲ್ಲೂ ಇದೆ, ತಿಂಡಿಯೂ ಇದೆ. ನಾನು ತಪ್ಪಿದ್ದು ಹೊತ್ತಿನಲ್ಲಿ. ಅವರ ಊರಿನ ಗಡಿಯಾರ ಇಟ್ಟುಕೊಂಡು ನಮ್ಮೂರಿಗೆ ಎಂಟೂವರೆಗೆ ಹೊರಟರೆ ಇನ್ನೇನಾಗುತ್ತೆ?

ಊರಿಗೆ ಬಂದವಳೇ ಹಳೇ ಡೈರಿ ತೆಗೆದು, ಯಾವುದು ಯಾವ ವಾರ, ಎಷ್ಟು ಹೊತ್ತಿಗೆ ತೆಗೆಯುತ್ತೆ, ಎಷ್ಟು ಹೊತ್ತಿಗೆ ಮುಚ್ಚುತ್ತೆ ಅಂತ ಬರೆಯಲು ಕೂತೆ. ಕೇಳಿ ಬರೆದಿದ್ದು ಕಡಿಮೆ, ಹೋಗಿ ನೋಡಿ ಬರೆದಿದ್ದೇ ಜಾಸ್ತಿ. ನಮ್ಮ ಬೀದಿಯ ಆಟೋ ಹುಡುಗ ತಿಂಗಳುಗಟ್ಟಲೆ ನನ್ನ ಜೊತೆ ಸುತ್ತಿದ. "ಅಕ್ಕಾ, ಇವತ್ತೂ ಅಲ್ಲಿಗೇನಾ?" ಅಂತ ನಗುತ್ತಿದ್ದ. ಬರೆಯುತ್ತಾ ಬರೆಯುತ್ತಾ ಗೊತ್ತಾಯಿತು, ನಮ್ಮೂರಿನ ರಾತ್ರಿ ಸಂಜೆ ನಾಲ್ಕೂವರೆಗೆ ಶುರುವಾಗಿ ಒಂಬತ್ತೂವರೆಗೆ ಮುಗಿಯುತ್ತೆ. ಆ ಐದು ಗಂಟೆಯೊಳಗೆ ಬೇಕಾದಷ್ಟಿದೆ.

ಈಗ ನಾನು ಹೊರಡಿಸುವುದು ನಾಲ್ಕೂವರೆಗೆ. ಮಧ್ಯಾಹ್ನ ಊಟ ಲಘುವಾಗಿರಲಿ ಅಂತ ಬೆಳಿಗ್ಗೆಯೇ ಹೇಳಿರುತ್ತೇನೆ. ಇದನ್ನು ಹೇಳದಿದ್ದರೆ ಎಲ್ಲ ಕೆಟ್ಟಿತು ಅಂತಲೇ ಲೆಕ್ಕ. ಒಂದು ಸಲ ನಾಲ್ವರು ಗೆಳೆಯರು ಮಧ್ಯಾಹ್ನ ಮೂರಕ್ಕೆ ಬಿರಿಯಾನಿ ಹೊಡೆದು ಬಂದು, ಸಂಜೆ ಪೂರ್ತಿ ಬೇರೆಯವರು ತಿನ್ನುವುದನ್ನು ನೋಡುತ್ತಾ ನಿಂತಿದ್ದರು.

ಚಿಕ್ಕ ಗಡಿಯಾರದ ಹತ್ತಿರ ಇಳಿದು ದೇವರಾಜ ಮಾರ್ಕೆಟ್ಟಿನೊಳಗೆ ಹೋಗುತ್ತೇವೆ. ಇದಕ್ಕೆ ನಾನು ಮುಕ್ಕಾಲು ಗಂಟೆ ಕೊಡುತ್ತೇನೆ, ಒಂದು ನಿಮಿಷ ಕಡಿಮೆ ಇಲ್ಲ. ಮೊದಲು ಬಾಳೆಹಣ್ಣಿನ ಸಾಲು. ಏಲಕ್ಕಿ, ಪಚ್ಚಬಾಳೆ, ಸಿಕ್ಕರೆ ನಂಜನಗೂಡು ರಸಬಾಳೆ. ರಸಬಾಳೆ ಸಿಕ್ಕ ದಿನ ನನಗೇ ಹಬ್ಬ. ಆಮೇಲೆ ವೀಳ್ಯದೆಲೆ. ಮೈಸೂರು ವೀಳ್ಯದೆಲೆ, ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆ, ಮೂರಕ್ಕೂ ಜಿಐ ಗುರುತು ಸಿಕ್ಕಿದೆ, ಅಂದರೆ ಈ ಸೀಮೆಯದೇ ಬೆಳೆ ಅಂತ ಕಾನೂನಿನ ಮುದ್ರೆ. ಮೂರನ್ನೂ ಒಂದೇ ಛಾವಣಿಯ ಕೆಳಗೆ ತೋರಿಸಬಹುದು. ಹೊರಗಿನವರಿಗೆ ಇದು ಮ್ಯೂಸಿಯಂ ಇದ್ದ ಹಾಗೆ, ನಮಗೆ ಶುಕ್ರವಾರದ ಸಾಮಾನು ಅಷ್ಟೇ.

ಇಲ್ಲಿ ನಾನು ಕಲಿತ ಒಂದು ವಿಷಯ ಇದೆ. ಕುಂಕುಮ, ಬಣ್ಣದ ಪುಡಿಯ ಗುಡ್ಡೆ ಕಂಡ ಕೂಡಲೇ ಎಲ್ಲರೂ ಕ್ಯಾಮೆರಾ ತೆಗೆಯುತ್ತಾರೆ. ವ್ಯಾಪಾರಿಗೆ ರೇಗುತ್ತೆ, ಸಹಜ. ದಿನಕ್ಕೆ ನೂರು ಜನ ಫೋಟೋ ಹೊಡೆದುಕೊಂಡು ಹಾಗೇ ಹೋದರೆ ಯಾರಿಗೆ ತಾನೇ ರೇಗಲ್ಲ? ಅದಕ್ಕೆ ಮೊದಲು ಏನಾದರೂ ತೆಗೆದುಕೊಳ್ಳಿ, ಆಮೇಲೆ ಕೇಳಿ, ಆಮೇಲೆ ಫೋಟೋ ಅನ್ನುತ್ತೇನೆ. ಹೂವಿನವಳ ಹತ್ತಿರ ಒಂದೊಂದು ಮೊಳ ಮಲ್ಲಿಗೆ ನಾನೇ ಕೊಡಿಸುತ್ತೇನೆ. ಅವಳು ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದು ಕೊಡುವುದನ್ನು ನೋಡಿ ಒಬ್ಬ ಎತ್ತರದ ಜರ್ಮನ್ ಹುಡುಗ, "ನನ್ನ ಕೈಯಲ್ಲಿ ಅಳೆದು ಕೊಡಿ" ಅಂದ. ಅವಳು ಬಿದ್ದೂ ಬಿದ್ದೂ ನಕ್ಕಳು. ಕೊಡಲಿಲ್ಲ ಮಾತ್ರ.

ಮಾರ್ಕೆಟ್ಟಿನಿಂದ ಸಯ್ಯಾಜಿರಾವ್ ರಸ್ತೆಗೆ ಬಂದರೆ ಗುರು ಸ್ವೀಟ್ಸ್. ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪ ಅವರ ವಂಶದವರ ಅಂಗಡಿ. ನಾಲ್ವಡಿ ಕೃಷ್ಣರಾಜ ಒಡೆಯರ ಊಟಕ್ಕೆ ಕಡಲೆಹಿಟ್ಟು, ತುಪ್ಪ, ಸಕ್ಕರೆ ಹಾಕಿ ಮಾದಪ್ಪ ಮಾಡಿದ ಸಿಹಿಯೇ ಮೈಸೂರು ಪಾಕ್ ಅಂತ ಕಥೆ. ನಾನು ಹೇಳುವುದು ಇಷ್ಟೇ, ಒಂದು ತುಂಡು ತೆಗೆದುಕೊಂಡು ನಾಲ್ಕು ಜನ ಹಂಚಿಕೊಳ್ಳಿ. ತುಪ್ಪದ ತಿಂಡಿ, ಈಗಲೇ ಹೊಟ್ಟೆ ತುಂಬಿಸಿಕೊಂಡರೆ ಮುಂದಿನದೆಲ್ಲ ಹೋಯಿತು.

ಹಂಚಿಕೊಳ್ಳುವುದನ್ನು ಹೇಳಿಕೊಡುವುದೇ ದೊಡ್ಡ ಕೆಲಸ. ಬೈಟು ಕಾಫಿ ಅಂದರೆ ನಮಗೆ ಗೊತ್ತು. ಹೊರಗಿನಿಂದ ಬಂದವರಿಗೆ ಒಂದು ದೋಸೆ ತರಿಸಿ ಮೂರು ಜನ ಮುರಿದುಕೊಳ್ಳುವುದು ಅವಮಾನ ಅನ್ನಿಸುತ್ತೆ. ಬಡವರು ಅಂದುಕೊಳ್ಳುತ್ತಾರೇನೋ ಅಂತ ಸಂಕೋಚ. ಮಾಣಿಗೆ ನಾನೇ "ಒಂದು ಮಸಾಲೆ, ಮೂರು ತಟ್ಟೆ" ಅಂತ ಹೇಳಿ, ಅವನು ಏನೂ ಅಂದುಕೊಳ್ಳದೆ ತಂದಿಟ್ಟ ಮೇಲೆ ಅವರಿಗೆ ಸಮಾಧಾನ. ಹೀಗೆ ಮಾಡಿದರೆ ಒಂದು ಸಂಜೆಗೆ ಆರೇಳು ತಿಂಡಿ ರುಚಿ ನೋಡಬಹುದು. ನಜರ್‌ಬಾದಿನ ಮೈಲಾರಿಯ ಮೆತ್ತನೆ ದೋಸೆಗೆ ಮಾತ್ರ ಈ ನಿಯಮ ಇಲ್ಲ. ಅದನ್ನು ಹಂಚಿಕೊಳ್ಳಿ ಅಂದರೆ ಜಗಳವೇ ಆಗುತ್ತೆ. ಹೇಗೂ ಅದು ಬೆಳಗಿನ ತಿಂಡಿಗೆ ಚೆನ್ನ, ನಾನು ಮರುದಿನಕ್ಕೆ ಇಡುತ್ತೇನೆ.

ಚುರುಮುರಿ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಾನು ದೊಡ್ಡ ತಪ್ಪು ಮಾಡಿದ್ದು ಇಲ್ಲೇ. ಪಾನಿಪೂರಿ ಬೇಡ, ನೀರು ಹೇಗಿರುತ್ತೋ ಏನೋ, ಚುರುಮುರಿಯಾದರೆ ಒಣ ತಿಂಡಿ, ಯಾರಿಗೂ ತೊಂದರೆ ಆಗಲ್ಲ ಅಂತ ನನ್ನ ಲೆಕ್ಕ. ಪುರಿ, ಕ್ಯಾರೆಟ್ ತುರಿ, ಈರುಳ್ಳಿ, ಹಸಿಮೆಣಸಿನಕಾಯಿ, ನಿಂಬೆರಸ, ಮೇಲೊಂದು ಚೂರು ಕೊಬ್ಬರಿ ಎಣ್ಣೆ, ಕಾಗದದ ಪೊಟ್ಟಣ. ಒಬ್ಬ ಹುಡುಗ ಎರಡು ತುತ್ತು ತಿಂದಿದ್ದ, ತುಟಿ ಊದಿಕೊಳ್ಳಲು ಶುರುವಾಯಿತು. ಅವನಿಗೆ ಕಡಲೆಕಾಯಿ ಆಗುವುದಿಲ್ಲ. "ಕಡಲೆಬೀಜ ಹಾಕಬೇಡಿ" ಅಂತ ಅವನು ಗಾಡಿಯವನಿಗೆ ಸನ್ನೆ ಮಾಡಿ ಹೇಳಿದ್ದನಂತೆ. ಗಾಡಿಯವನು ಹಾಕಿರಲಿಲ್ಲ. ಆದರೆ ಪಾತ್ರೆ ಅದೇ, ಸೌಟು ಅದೇ. ಅವನ ಬ್ಯಾಗಿನಲ್ಲಿ ಔಷಧಿ ಇತ್ತು, ಅದೇ ಆಟೋದಲ್ಲಿ ಆಸ್ಪತ್ರೆಗೆ ಓಡಿದೆವು, ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದೆವು. ಏನೂ ಆಗಲಿಲ್ಲ. ಆದರೆ ನನ್ನ ಕೈ ಎರಡು ದಿನ ನಡುಗುತ್ತಿತ್ತು.

ಅವತ್ತಿನಿಂದ ರೂಮಿನ ಬೀಗ ಕೊಡುವ ಮೊದಲು ಒಂದೇ ಪ್ರಶ್ನೆ ಕೇಳುತ್ತೇನೆ, ಏನು ತಿಂದರೆ ನಿಮಗೆ ಆಗುವುದಿಲ್ಲ? ಏನು ಇಷ್ಟ ಅಂತ ಕೇಳುವುದನ್ನೇ ಬಿಟ್ಟಿದ್ದೇನೆ. ಕಡಲೆಕಾಯಿ ಆಗದವರಿದ್ದರೆ ಬೀದಿ ತಿಂಡಿಯ ತಂಟೆಗೇ ಹೋಗಲ್ಲ. ಕಡಲೆಕಾಯಿ ಎಣ್ಣೆ, ಚಟ್ನಿ, ಒಗ್ಗರಣೆ, ನಮ್ಮ ಕಡೆ ಅದಿಲ್ಲದ ಅಡುಗೆ ಎಲ್ಲಿದೆ? ಅಂಥವರಿಗೆ ಮನೆಯಲ್ಲೇ ಮಾಡುತ್ತೇನೆ.

ಆರೂವರೆ ಹೊತ್ತಿಗೆ ಅರಮನೆ ಕಡೆ. ಭಾನುವಾರ ಏಳಕ್ಕೆ ದೀಪ. ಸ್ವಲ್ಪ ಮುಂಚೆ ಹೋಗಬೇಕು, ಕತ್ತಲಿನಲ್ಲಿರುವ ಅರಮನೆಯನ್ನು ಮೊದಲು ನೋಡಬೇಕು. ಆಗಲೇ ಇತಿಹಾಸ ಹೇಳಿ ಮುಗಿಸುತ್ತೇನೆ. ಹಳೇ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು, ಹೆನ್ರಿ ಇರ್ವಿನ್ ಅನ್ನುವವರು ಹೊಸದಕ್ಕೆ ನಕ್ಷೆ ಹಾಕಿದರು, 1912ರಲ್ಲಿ ಕೆಲಸ ಮುಗಿಯಿತು. ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು 1902ರಲ್ಲಿ ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿಗೆ, ಆಮೇಲೆ ಮೈಸೂರಿಗೆ. ನಾನು ಮಂಡ್ಯ ಕಡೆಯವಳು, ಅದಕ್ಕೆ ಇದನ್ನು ಒಂದು ಸುತ್ತು ಜಾಸ್ತಿಯೇ ಹೇಳುತ್ತೇನೆ. ಆಮೇಲೆ ಬಾಯಿ ಮುಚ್ಚಿಕೊಂಡು ನಿಲ್ಲುತ್ತೇನೆ. ಒಂದು ಲಕ್ಷಕ್ಕೆ ಹತ್ತಿರ ಬಲ್ಬು ಒಟ್ಟಿಗೆ ಹತ್ತಿಕೊಂಡಾಗ ಇಡೀ ಮೈದಾನ "ಓ" ಅನ್ನುತ್ತೆ. ನೂರು ಸಲ ನೋಡಿದ್ದೇನೆ, ಆ "ಓ"ದಲ್ಲಿ ನನ್ನ ದನಿಯೂ ಸೇರಿರುತ್ತೆ.

ದೀಪ ಹತ್ತಿದ ಮೇಲೆ ಅಲ್ಲೇ ನಿಂತಿರುವುದು ದಡ್ಡತನ. ಎಲ್ಲರೂ ಒಟ್ಟಿಗೆ ಹೊರಗೆ ಬಂದರೆ ಆಟೋ ಸಿಗಲ್ಲ, ಸಿಕ್ಕರೆ ಅವನು ಕೇಳಿದ್ದೇ ರೇಟು. ನಾವು ಹತ್ತು ನಿಮಿಷ ಮುಂಚೆ ಹೊರಟುಬಿಡುತ್ತೇವೆ. ಆಟೋ ಹುಡುಗ ದೊಡ್ಡ ಗಡಿಯಾರದ ಕಡೆ ಕಾಯುತ್ತಿರುತ್ತಾನೆ.

ಶನಿವಾರ ಬಂದವರಿಗೆ ಬೇರೆ ದಾರಿ. ರಂಗಾಯಣ. 1989ರಲ್ಲಿ ಬಿ. ವಿ. ಕಾರಂತರು ಮೊದಲ ನಿರ್ದೇಶಕರಾಗಿ ಶುರುವಾದ ಸರ್ಕಾರಿ ನಾಟಕ ಸಂಸ್ಥೆ. ಕಲಾಮಂದಿರದ ಆವರಣದಲ್ಲೇ ಭೂಮಿಗೀತ ರಂಗಮಂದಿರ ಇದೆ, ಬಯಲಿನಲ್ಲಿ ವನರಂಗ ಇದೆ. ವಾರದ ಕೊನೆಗೆ ನಾಟಕ ಇರುತ್ತೆ. ಭಾನುವಾರ ನಾಟಕಕ್ಕೂ ದೀಪಕ್ಕೂ ಹೊತ್ತು ಡಿಕ್ಕಿ ಹೊಡೆಯುತ್ತೆ, ಅದಕ್ಕೇ ಶನಿವಾರ. ಕನ್ನಡ ಬಾರದವರು ಏನು ನೋಡುತ್ತಾರೆ ಅಂತ ನಮ್ಮ ಮನೆಯವರು ಅನುಮಾನ ಪಟ್ಟಿದ್ದರು. ಹೋಗುವಾಗ ಆಟೋದಲ್ಲಿ ಕಥೆ ಪೂರ್ತಿ ಹೇಳಿಬಿಡುತ್ತೇನೆ, ಕೊನೆಯಲ್ಲಿ ಯಾರು ಸಾಯುತ್ತಾರೆ ಅನ್ನುವುದೂ ಸೇರಿ. ಆಮೇಲೆ ಅವರು ಮಾತು ಬಿಟ್ಟು ಮುಖ ನೋಡುತ್ತಾರೆ, ಹಾಡು ಕೇಳುತ್ತಾರೆ. ಒಂದು ಸಲ ನಾನೇ ತೂಕಡಿಸಿದ್ದೆ, ಪಕ್ಕದಲ್ಲಿದ್ದ ಫ್ರೆಂಚ್ ಹೆಂಗಸು ಕಣ್ಣೀರು ಒರೆಸಿಕೊಳ್ಳುತ್ತಿದ್ದಳು.

ಸಂಗೀತ ಕಚೇರಿಗೂ ಕರೆದುಕೊಂಡು ಹೋಗುತ್ತೇನೆ. ಜೆಎಲ್‌ಬಿ ರಸ್ತೆಯ ನಾದಬ್ರಹ್ಮ ಸಂಗೀತ ಸಭಾ, ಕುವೆಂಪುನಗರದ ವೀಣೆ ಶೇಷಣ್ಣ ಭವನ. ಗಣೇಶನ ಹಬ್ಬವಾದರೆ ಎಲ್ಲಿಗೂ ಹೋಗುವುದೇ ಬೇಡ. ನಮ್ಮ ಒಂಟಿಕೊಪ್ಪಲಿನ 8ನೇ ಕ್ರಾಸಿನಲ್ಲಿ ರಸ್ತೆಗೇ ಪೆಂಡಾಲು ಹಾಕಿ ದೊಡ್ಡ ದೊಡ್ಡ ವಿದ್ವಾಂಸರ ಕಚೇರಿ ನಡೆಯುತ್ತೆ. ಚಪ್ಪಲಿ ಹಾಕಿಕೊಂಡು ನಡೆದು ಹೋದರಾಯಿತು. ಅಲ್ಲಿ ಬೇಗ ಹೋಗಿ ಕುರ್ಚಿ ಮೇಲೆ ಟವೆಲ್ ಹಾಕಬೇಕು. ಇದನ್ನು ನೋಡಿ ವಿಯೆನ್ನಾದಿಂದ ಬಂದಿದ್ದ ಮುದುಕರೊಬ್ಬರು ಜೋರಾಗಿ ನಕ್ಕರು. ಅವರೂರಿನ ದೊಡ್ಡ ಒಪೆರಾದಲ್ಲಿ ಕಡಿಮೆ ದುಡ್ಡಿಗೆ ನಿಂತು ನೋಡುವ ಟಿಕೆಟ್ ಇದೆಯಂತೆ. ನಿಂತುಕೊಳ್ಳುವ ಜಾಗದ ಕಂಬಿಗೆ ಶಾಲು ಕಟ್ಟಿ ಹೋದರೆ ಆ ಜಾಗ ಅವರದೇ, ಯಾರೂ ಮುಟ್ಟಲ್ಲ. ಸಿಂಗಪುರದಲ್ಲಿ ತಿಂಡಿ ಅಂಗಡಿಯ ಮೇಜಿನ ಮೇಲೆ ಟಿಶ್ಯೂ ಪ್ಯಾಕೆಟ್ ಇಟ್ಟು ಜಾಗ ಹಿಡಿಯುತ್ತಾರೆ, ಅದಕ್ಕೆ ಅವರು 'ಚೋಪ್' ಅನ್ನುತ್ತಾರೆ. ನಮ್ಮ ಕೆ. ಆರ್. ಪೇಟೆ ಬಸ್ಸಿನ ಕಿಟಕಿಯಿಂದ ಕರ್ಚೀಫ್ ಎಸೆಯುವವರನ್ನು ಅವರಿಗೆ ತೋರಿಸಬೇಕಿತ್ತು.

ದುಡ್ಡಿನ ವಿಷಯ. ನಾನು ಯಾವ ಹೋಟೆಲಿನವರ ಹತ್ತಿರವೂ ಕಮಿಷನ್ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡ ದಿನದಿಂದ ಇಷ್ಟವಿಲ್ಲದ ಕಡೆಯೂ ಹೋಗಬೇಕಾಗುತ್ತೆ. ಬಂದವರಿಂದ ಸುತ್ತಾಟಕ್ಕೆ ಇಷ್ಟು ಅಂತ ಮೊದಲೇ ತೆಗೆದುಕೊಂಡು, ತಿಂಡಿ ದುಡ್ಡು ನಾನೇ ಕೊಡುತ್ತೇನೆ. ಹೊರದೇಶದವರ ಫೋನಿನಲ್ಲಿ ನಮ್ಮ ಯುಪಿಐ ಸಾಮಾನ್ಯವಾಗಿ ಇರಲ್ಲ. ಚುರುಮುರಿ ಗಾಡಿ ಮುಂದೆ ಐನೂರರ ನೋಟು ಹಿಡಿದು ನಿಂತರೆ ಅವನೂ ಪೇಚಾಡುತ್ತಾನೆ, ಹಿಂದೆ ನಿಂತವರೂ ಗೊಣಗುತ್ತಾರೆ. ನನ್ನ ಚೀಲದಲ್ಲಿ ಹತ್ತು, ಇಪ್ಪತ್ತರ ನೋಟಿನ ಕಟ್ಟು, ಕಾಯಿಸಿ ಆರಿಸಿದ ನೀರು, ಒಂದು ಕೊಡೆ ಯಾವಾಗಲೂ ಇರುತ್ತವೆ.

ಬಿಯರ್ ಕೇಳುವವರೂ ಬರುತ್ತಾರೆ. ಬಾರುಗಳು ಬೇಕಾದಷ್ಟಿವೆ, ನಾನು ಹೋಗಲ್ಲ ಅಷ್ಟೇ. ಅದು ನಮ್ಮ ಮನೆಯವರ ಇಲಾಖೆ. ಎಲ್ಲಿ ಸಂಸಾರಸ್ಥರು ಕೂರುತ್ತಾರೆ, ಎಲ್ಲಿ ಗಲಾಟೆ ಅಂತ ಅವರಿಗೆ ಇಷ್ಟು ಚೆನ್ನಾಗಿ ಹೇಗೆ ಗೊತ್ತು ಅನ್ನುವುದನ್ನು ನಾನು ಈವರೆಗೆ ಕೇಳಿಲ್ಲ.

ದಸರಾದಲ್ಲಿ ಈ ಲೆಕ್ಕ ಯಾವುದೂ ನಡೆಯಲ್ಲ. ದಿನಾ ದೀಪ, ಅರಮನೆ ಮುಂದೆ ಕಚೇರಿ, ಆಹಾರ ಮೇಳ, ಎಲ್ಲ ರಸ್ತೆಯಲ್ಲೂ ಜನ. ಆಟೋ ನಂಬಿಕೊಂಡರೆ ಕೆಟ್ಟ ಹಾಗೆ. ಬರೀ ಕಾಲ್ನಡಿಗೆ, ಒಂದು ಸಂಜೆಗೆ ಒಂದೇ ಕಡೆ. ಎಲ್ಲ ನೋಡುತ್ತೇನೆ ಅಂತ ಹೊರಟವರು ಏನೂ ನೋಡದೆ ಬಂದಿದ್ದನ್ನು ಪ್ರತಿ ವರ್ಷ ನೋಡುತ್ತೇನೆ.

ಸುತ್ತಾಟದ ಕೊನೆಯ ಊಟಕ್ಕೆ ಮೊದಲು ಹೋಟೆಲಿಗೇ ಹೋಗುತ್ತಿದ್ದೆವು. ಅದು ಬದಲಾಗಿದ್ದು ಮ್ಯಾಡ್ರಿಡ್‌ನಿಂದ ಬಂದ ಅಕ್ಕ ತಂಗಿಯರಿಂದ. ಏಳೂವರೆಗೆ ಊಟಕ್ಕೆ ಕೂರಿಸಿದರೆ ಇಬ್ಬರೂ ಮುಖ ಮುಖ ನೋಡಿಕೊಂಡರು. ಅವರೂರಿನಲ್ಲಿ ರಾತ್ರಿ ಊಟ ಒಂಬತ್ತು, ಹತ್ತಕ್ಕಂತೆ. ಸಂಜೆ ಆರೂವರೆ ಹೊತ್ತಿಗೆ ತಿನ್ನುವುದಕ್ಕೆ 'ಮೆರಿಯೆಂದಾ' ಅಂತ ಬೇರೆ ಹೆಸರಿದೆ, ನಮ್ಮ ಸಂಜೆ ಕಾಫಿ ತಿಂಡಿ ಇದ್ದ ಹಾಗೆ. ಪಾಪ, ಊಟದ ತಟ್ಟೆಯನ್ನು ಮೆರಿಯೆಂದಾ ಅಂತ ತಿಂದರು. ಸರಿ, ಮನೆಗೆ ಬಂದು ಹತ್ತು ಗಂಟೆಗೆ ನಾನು ದೀಪ ಆರಿಸಲು ಹೋದರೆ ಇಬ್ಬರೂ ಮೆಟ್ಟಿಲ ಮೇಲೆ ನಿಂತಿದ್ದಾರೆ. ಹಸಿವು. ಊರಿನಲ್ಲಿ ಬಾಗಿಲು ತೆಗೆದಿರುವ ಒಳ್ಳೇ ಹೋಟೆಲು ಎಲ್ಲಿ ಅಂತ ಕೇಳಿದರು.

ರಾಗಿ ಹಿಟ್ಟು ಇತ್ತು. ಅವರೆಕಾಳು ಸಾರು ಇತ್ತು. ಎಸರಿಟ್ಟು ಮುದ್ದೆ ಕೂಡಿಸಿದೆ. ಕೋಲು ತಿರುವುವುದನ್ನು ದೊಡ್ಡವಳು ಪ್ರಯತ್ನ ಮಾಡಿ ಕೈ ಸೋತು ಬಿಟ್ಟಳು. ಹಿತ್ತಲ ಕಟ್ಟೆ ಮೇಲೆ ಕೂರಿಸಿ, ಮುರಿಯಿರಿ, ಸಾರಿನಲ್ಲಿ ಅದ್ದಿ, ಅಗಿಯಬೇಡಿ, ನುಂಗಿ ಅಂತ ತೋರಿಸಿದೆ. ಚಿಕ್ಕವಳು ಅಗಿದಳು, ಅಂಟಿಕೊಂಡಿತು, ಬಾಯಿ ಬಿಡಲಾಗದೆ ಕಣ್ಣರಳಿಸಿ ಕೂತಳು. ಎರಡನೇ ತುತ್ತು ಸರಿಯಾಗಿ ಇಳಿಯಿತು. ಮೂರನೆಯದಕ್ಕೆ ಕೇಳುವವರೇ ಇರಲಿಲ್ಲ.

ಈಗ ಎಲ್ಲರಿಗೂ ಕೊನೆಯ ನಿಲ್ದಾಣ ನಮ್ಮ ಹಿತ್ತಲೇ. ಅವತ್ತು ಹನ್ನೊಂದು ಗಂಟೆಗೆ ದೊಡ್ಡವಳು ತಟ್ಟೆ ಮುಂದೆ ಮಾಡಿ ಇನ್ನೊಂದು ಮುದ್ದೆ ಅಂತ ಬೆರಳು ತೋರಿಸಿದಳು. ಒಳಗಿನಿಂದ ನಮ್ಮ ಮನೆಯವರ ದನಿ ಬಂತು, "ಗೇಟಿಗೆ ಬೀಗ ಹಾಕ್ಲಾ, ಇನ್ನೂ ಇದೆಯಾ ನಿಮ್ಮ ನೈಟ್‌ಲೈಫು?"